ಮೊಲವನ್ನು ಉಪವಾಸ ಕೆಡವಿದ್ದು

ಗುನ್‌ಸಾನ್
೧೪ ಮಾರ್ಚ್ ೨೦೧೨

ತೇಗ್ಯೊಮ್,

ನಿನ್ನ ಬಟ್ಟೆಯ ಪೆಟ್ಟಿಗೆ ನಿನ್ನೆ ಬಂತು. ಸೈನ್ಯಕ್ಕೆ ಸೇರಿದ ಹುಡುಗರು ತೊಟ್ಟು ಹೋದ ಬಟ್ಟೆ ಹೀಗೆ ಅಂಚೆಯಲ್ಲಿ ಮನೆಗೆ ವಾಪಸು ಬರುತ್ತದೆ, ತಾಯಂದಿರು ಪೆಟ್ಟಿಗೆ ತಬ್ಬಿಕೊಂಡು ಅಳುತ್ತಾರೆ ಎಂದು ಎದುರಂಗಡಿಯ ಒಣಮೀನಿನ ದೊಕ್‌ಜಾ ಅಕ್ಕ ಮೊದಲೇ ಹೇಳಿದ್ದಳು. ಹೇಳಿದ್ದಷ್ಟೇ ಅಲ್ಲ, ನೋಡುವುದಕ್ಕೆಂದು ಬಂದು ಸ್ಟೂಲು ಎಳೆದುಕೊಂಡು ಕೂತಿದ್ದಳು. ನಾನು ಅಳಲಿಲ್ಲ. ಪೆಟ್ಟಿಗೆ ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಆ ಹೊತ್ತಿನಲ್ಲಿ ಅಳುವವಳ ಗಂಜಿ ತಳ ಹಿಡಿಯುತ್ತದೆ. ಅಕ್ಕನಿಗೆ ನಿರಾಸೆಯಾಯಿತು. ಒಂದು ಬಟ್ಟಲು ಗಂಜಿ ಕುಡಿದು ಸಮಾಧಾನ ಮಾಡಿಕೊಂಡು ಹೋದಳು.

ನಾನು ಗಿರಾಕಿಗಳ ಕಡೆ ಹೋಗಿ ಬರುವಷ್ಟರಲ್ಲಿ ನಿನ್ನ ಮೊಲ ಪೆಟ್ಟಿಗೆಯೊಳಗೆ ಹತ್ತಿ ನಿನ್ನ ಜೀನ್ಸಿನ ಮೇಲೆ ಕೂತಿತ್ತು. ತೆಗೆಯಲು ಹೋದರೆ ಗುರ್ ಎಂದಿತು. ಮೊಲವೂ ಗುರ್ ಎನ್ನುತ್ತದೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಅಲ್ಲೇ ಬಿಟ್ಟಿದ್ದೇನೆ. ಜೀನ್ಸನ್ನು ನೀನು ಬರುವುದರೊಳಗೆ ಒಗೆಯುತ್ತೇನೆ.

ನೀನು ಬರೆದಿಟ್ಟು ಹೋದ ಮೂರು ಹಾಳೆಗಳೂ ಸಿಕ್ಕಿದವು. ಮೊದಲನೆಯದನ್ನು ಓದಿದೆ. ‘ಒಣಹುಲ್ಲು ಯಾವಾಗಲೂ ಮುಂದಿರಬೇಕು, ಬೇರೆ ಏನನ್ನೂ ಕೊಡಬಾರದು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ. ಇಪ್ಪತ್ತೆರಡು ವರ್ಷದಿಂದ ಈ ಮಾರುಕಟ್ಟೆಯಲ್ಲಿ ಗಂಜಿ ಕಾಸುತ್ತಿದ್ದೇನೆ. ಹೆರಿಗೆಯಾದವರು, ಹಲ್ಲು ಕೀಳಿಸಿಕೊಂಡವರು, ಕುಡಿದು ಕರುಳು ಸುಟ್ಟುಕೊಂಡವರು, ಊರಿನ ಅರ್ಧ ಹೊಟ್ಟೆಗಳು ನನ್ನ ಸೌಟಿನಿಂದ ರಿಪೇರಿಯಾಗಿವೆ, ನಿನ್ನದೂ ಸೇರಿ. ಅಂಥವಳಿಗೆ ಎರಡು ಕಿಲೊ ತೂಗುವ ಪ್ರಾಣಿಗೆ ಊಟ ಹಾಕುವುದನ್ನು ಕಲಿಸಲು ಮೂರು ಹಾಳೆ. ಅದೂ ಎರಡು ಗೆರೆ ಎಳೆದು.

ಊಟದ ವಿಷಯ ನನಗೆ ಬಿಡು. ನೀನು ಕೈಕಾಲು ಮುರಿದುಕೊಳ್ಳದೆ ತರಬೇತಿ ಮುಗಿಸು.

ನಿನ್ನ ಅಮ್ಮ

*

ತರಬೇತಿ ಶಿಬಿರ
೨೫ ಮಾರ್ಚ್

ಪೂಜ್ಯ ತಾಯಿಯವರಿಗೆ,

ನಾನು ಕ್ಷೇಮವಾಗಿದ್ದೇನೆ. ತಾವೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಊಟ ಚೆನ್ನಾಗಿದೆ. ನಿದ್ದೆ ಚೆನ್ನಾಗಿದೆ. ಮೇಲಿನವರು ಚೆನ್ನಾಗಿ ನೋಡಿಕೊಳ್ಳುತ್ತಾರೆ. (ಪತ್ರ ಹೀಗೆಯೇ ಶುರುವಾಗಬೇಕು ಎಂದು ಮಾದರಿ ಕೊಟ್ಟಿದ್ದಾರೆ. ಇನ್ನು ಮುಂದಿನದು ನನ್ನದು.)

ನುರುಂಜಿ ಹುಲ್ಲು ತಿನ್ನುತ್ತಿದೆಯೇ? ಹಿಕ್ಕೆ ದಿನವೂ ನೋಡಿ. ಕಡಲೆಕಾಳಿನಷ್ಟು ದಪ್ಪ, ಗುಂಡಗೆ, ಒಡೆದರೆ ಒಳಗೆ ಹುಲ್ಲಿನ ಪುಡಿ ಕಾಣಬೇಕು. ಚಿಕ್ಕದಾದರೆ, ಒಂದಕ್ಕೊಂದು ಕೂದಲಿನಿಂದ ಪೋಣಿಸಿಕೊಂಡು ಬಂದರೆ ಏನೋ ಕೆಟ್ಟಿದೆ ಎಂದು ಅರ್ಥ. ವಸಂತದಲ್ಲಿ ಅದು ರೋಮ ಉದುರಿಸುತ್ತದೆ, ನೆಕ್ಕಿ ನುಂಗುತ್ತದೆ. ಎಲ್ಲವನ್ನೂ ಎರಡನೆಯ ಹಾಳೆಯಲ್ಲಿ ಬರೆದಿದ್ದೇನೆ. ದಯವಿಟ್ಟು ಎರಡನೆಯ ಹಾಳೆ ಓದಿ.

ಮೊದಲ ರಜೆ ಜೂನ್ ಮಧ್ಯದಲ್ಲಿ. ಅಲ್ಲಿಯವರೆಗೆ ಅದನ್ನು ಉಳಿಸಿಕೊಡಿ. ಬೇರೆ ಏನೂ ಕೇಳುವುದಿಲ್ಲ.

ತಮ್ಮ ಮಗ
ತೇಗ್ಯೊಮ್

*

ಗುನ್‌ಸಾನ್
೩ ಏಪ್ರಿಲ್

ತೇಗ್ಯೊಮ್,

ನಿನ್ನ ಅರ್ಜಿ ತಲುಪಿತು. ‘ತಾವು’, ‘ದಯವಿಟ್ಟು’ ಎಂದೆಲ್ಲ ನೋಡಿ ಇದು ನಗರಸಭೆಗೆ ಬರೆದ ಪತ್ರ, ತಪ್ಪಿ ನನ್ನ ಅಂಗಡಿಗೆ ಬಂದಿದೆ ಎಂದುಕೊಂಡೆ. ನಿನ್ನ ಪತ್ರದಲ್ಲಿ ನನ್ನ ಬಗ್ಗೆ ಒಂದು ಸಾಲು, ಅದೂ ಸೈನ್ಯದವರು ಬರೆಸಿದ್ದು. ಮೊಲದ ಹಿಕ್ಕೆಯ ಬಗ್ಗೆ ಐದು ಸಾಲು, ಅದು ನೀನೇ ಬರೆದದ್ದು. ಇರಲಿ.

ಮೊಲ ಚೆನ್ನಾಗಿದೆ, ಚೆನ್ನಾಗಿರುವುದಕ್ಕಿಂತ ಚೆನ್ನಾಗಿದೆ. ಬೆಳಿಗ್ಗೆ ಅಂಗಡಿಗೆ ಕರೆತರುತ್ತೇನೆ. ತಳದ ಸೀಕಲಿನ ಬಣ್ಣದ ಮೊಲ, ಹೆಸರೂ ಅದೇ ಸೀಕಲು, ನುರುಂಜಿ, ಕೂತಿರುವುದೂ ಗಂಜಿ ಅಂಗಡಿಯಲ್ಲಿ. ಹೆಣ್ಣುಮಕ್ಕಳು ಫೋಟೊ ತೆಗೆಯಲೆಂದೇ ಬರುತ್ತಾರೆ, ಬಂದ ಮೇಲೆ ಕುಡಿಯದೆ ಹೋಗಲಾಗುವುದಿಲ್ಲ. ಬಂದವರು ಅದಕ್ಕೂ ಒಂದು ಚಮಚ ಕೊಡುತ್ತಾರೆ. ಸಿಹಿಕುಂಬಳದ ಗಂಜಿಯೆಂದರೆ ಮೂತಿ ಬಟ್ಟಲಿಗೇ ಹಾಕುತ್ತದೆ. ಅಕ್ಕಿರೊಟ್ಟಿಯ ಚೂರು, ಗೆಣಸು ಎಲ್ಲವೂ ಆಗುತ್ತದೆ. ಹುಲ್ಲನ್ನು ಮುಂದಿಟ್ಟಿದ್ದೇನೆ, ಅದು ನೋಡುವುದೂ ಇಲ್ಲ. ಯಾರು ನೋಡುತ್ತಾರೆ? ಗತಿಗೆಟ್ಟ ಕಾಲದಲ್ಲೂ ನಮ್ಮಜ್ಜಿ ಮನೆಗೆ ಬಂದವರಿಗೆ ಹುಲ್ಲು ಹಾಕಿದ್ದಿಲ್ಲ.

ಎರಡನೆಯ ಹಾಳೆಯನ್ನು ಎಳ್ಳೆಣ್ಣೆ ಡಬ್ಬದ ಕೆಳಗೆ ಜೋಪಾನವಾಗಿಟ್ಟಿದ್ದೇನೆ. ಓದುತ್ತೇನೆ.

ಅಮ್ಮ

*

ಗುನ್‌ಸಾನ್
೧೨ ಏಪ್ರಿಲ್

ತೇಗ್ಯೊಮ್,

ತರಬೇತಿ ಮುಗಿದು ಯಾಂಗುವಿಗೆ ಹಾಕಿದರೆಂದು ತಿಳಿಯಿತು. ಗುಡ್ಡಗಾಡು, ಚಳಿ ಜಾಸ್ತಿ. ಒಳಗೆ ಎರಡು ಬನಿಯನ್ ತೊಡು.

ಇಲ್ಲಿ ಎಲ್ಲ ಕ್ಷೇಮ. ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಮೊಲವೂ ಕ್ಷೇಮ. ಚಿಂತೆ ಮಾಡಬೇಡ. ಕೆಲಸವಿದೆ, ನಿಲ್ಲಿಸುತ್ತೇನೆ.

ಅಮ್ಮ

*

ಯಾಂಗು
೨೦ ಏಪ್ರಿಲ್

ಅಮ್ಮ,

ನಿಮ್ಮ ಪತ್ರ ಆರೇಳು ಸಾಲು ಇದೆ. ಅದರಲ್ಲಿ ‘ಕ್ಷೇಮ’ ಎರಡು ಸಲ ಬಂದಿದೆ. ನೀವು ಆರೇಳು ಸಾಲಿನಲ್ಲಿ ಪಕ್ಕದ ಅಂಗಡಿಗೆ ಚೀಟಿಯನ್ನೂ ಬರೆದವರಲ್ಲ.

ಇಲ್ಲಿ ಒಂದು ಟೆಲಿಫೋನ್, ನನಗಿಂತ ಮೇಲಿನವರು ಮೂವತ್ತು ಜನ. ನನ್ನ ಸರದಿ ಬರುವುದಿಲ್ಲ. ಬರೆಯಿರಿ. ನುರುಂಜಿಗೆ ಏನಾಯಿತು?

ತೇಗ್ಯೊಮ್

*

ಗುನ್‌ಸಾನ್
೨೭ ಏಪ್ರಿಲ್

ತೇಗ್ಯೊಮ್,

ಹನ್ನೆರಡನೆಯ ತಾರೀಖಿನ ಪತ್ರ ಸುಳ್ಳು. ಕಾವಲು ಕಾಯುವವನಿಗೆ ಮನೆಯ ಕೆಟ್ಟ ಸುದ್ದಿ ಬರೆಯಬಾರದು ಎಂಬುದು ಇಲ್ಲಿನ ಎಲ್ಲ ತಾಯಂದಿರ ನಿಯಮ. ಆ ನಿಯಮದ ಹಿಂದೆ ಅಡಗಿಕೊಂಡೆ. ಈಗ ಮೊದಲಿನಿಂದ ಹೇಳುತ್ತೇನೆ, ಮಧ್ಯದಲ್ಲಿ ಹರಿದು ಹಾಕಬೇಡ. ಕೊನೆಯನ್ನು ಮೊದಲೇ ಹೇಳಿಬಿಡುತ್ತೇನೆ: ಅದು ಬದುಕಿದೆ.

ಒಂಬತ್ತನೆಯ ತಾರೀಖು ಸೋಮವಾರ ಬೆಳಿಗ್ಗೆ ಕುಂಬಳದ ಗಂಜಿ ಇಟ್ಟರೆ ಮೂಸಿ ಮುಖ ತಿರುಗಿಸಿತು. ಮೂಲೆಗೆ ಹೋಗಿ ಬೆನ್ನು ಗೂನು ಮಾಡಿ ಕೂತಿತು. ಹಲ್ಲು ಕಡಿಯುವ ಸದ್ದು ಕೇಳಿಸುತ್ತಿತ್ತು. ಕಿವಿ ಮುಟ್ಟಿದರೆ ಮೀನಿನಂತೆ ತಣ್ಣಗಿತ್ತು. ಬುಟ್ಟಿಯಲ್ಲಿ ಒಂದೂ ಹಿಕ್ಕೆ ಇರಲಿಲ್ಲ. ನೋಡಿದ ತಕ್ಷಣ ನನಗೆ ಗೊತ್ತಾಯಿತು, ಅಥವಾ ಗೊತ್ತಾಯಿತು ಎಂದುಕೊಂಡೆ. ತಿಂದದ್ದು ಎದೆಗೆ ಕೂತಿದೆ, ಅಜೀರ್ಣ. ಇಪ್ಪತ್ತೆರಡು ವರ್ಷ ದಿನಕ್ಕೆ ನಾಲ್ಕು ಜನರಲ್ಲಿ ನೋಡಿದ್ದೇನೆ. ಅಜೀರ್ಣಕ್ಕೆ ಏನು ಮಾಡುತ್ತೇವೆ? ಹೊಟ್ಟೆ ಖಾಲಿ ಬಿಡುತ್ತೇವೆ. ಒಂದು ದಿನ ಉಪವಾಸ, ಆಮೇಲೆ ತಿಳಿಗಂಜಿ. ಬಟ್ಟಲು ತೆಗೆದೆ. ಅದರ ಮುಂದಿದ್ದ ಹುಲ್ಲನ್ನೂ ಎತ್ತಿ ಅಟ್ಟದ ಮೇಲಿಟ್ಟೆ. ಮೂರು ವಾರದಿಂದ ಮುಟ್ಟದ ಹುಲ್ಲನ್ನು ಆ ಕ್ಷಣ ತಿಂದುಬಿಟ್ಟೀತೆಂದು ಹೆದರಿ, ನಾನೇ ಎತ್ತಿಟ್ಟೆ.

ಮಧ್ಯಾಹ್ನ ಪ್ಲಮ್ ಕಾಯಿಯ ಪಾಕ ನೀರಿಗೆ ಬೆರೆಸಿ ಬಾಯಿಗೆ ಬಿಟ್ಟೆ. ನೀನು ಚಿಕ್ಕವನಿದ್ದಾಗ ಮಾಡಿದಂತೆ ಹೊಟ್ಟೆ ನೀವಿದೆ. ಸಂಜೆ ದೊಕ್‌ಜಾ ಅಕ್ಕ ಬಂದಳು. ಹೊಲಿಗೆ ಸೂಜಿ, ನೂಲು ಸಮೇತ.

“ನೂಲು ಬಿಗಿದು ಹೆಬ್ಬೆರಳು ಚುಚ್ಚಿದ್ರೆ ಕೆಟ್ಟ ರಕ್ತ ಹೋಗತ್ತೆ ಕಣೇ, ಇದಕ್ಕೆ ಹೆಬ್ಬೆರಳು ಯಾವ್ದು?”

ಇಬ್ಬರೂ ಕನ್ನಡಕ ಹಾಕಿಕೊಂಡು ಮೊಲದ ಹೆಬ್ಬೆರಳು ಹುಡುಕಿದೆವು. ಅರ್ಧ ಗಂಟೆ. ಸಿಕ್ಕಿತು ಕೂಡ, ಮುಂಗಾಲಿನ ಒಳಬದಿಗೆ ಒಂದು ಚಿಕ್ಕದು. ನೂಲು ಸುತ್ತಿದಾಗ ಅದು ಒದೆಯಲಿಲ್ಲ, ಗುರ್ ಎನ್ನಲಿಲ್ಲ. ಪೆಟ್ಟಿಗೆಯಿಂದ ಎತ್ತಲು ಬಿಡದಿದ್ದ ಪ್ರಾಣಿ ಸೂಜಿ ಕಂಡರೂ ಸುಮ್ಮನಿತ್ತು. ಆಗ ನನಗೆ ಹೆದರಿಕೆಯಾಯಿತು. ಸೂಜಿಯನ್ನು ಅಕ್ಕನಿಗೆ ವಾಪಸು ಕೊಟ್ಟೆ.

ಮಾರನೆಯ ಬೆಳಿಗ್ಗೆ ಅದು ಅಡ್ಡ ಬಿದ್ದಿತ್ತು. ಉಸಿರಿತ್ತು. ಒಲೆ ಹಚ್ಚದೆ ಫೋನ್ ಹಿಡಿದು ಕೂತೆ. ಊರಿನ ಪ್ರಾಣಿ ಡಾಕ್ಟರುಗಳು ಒಂಬತ್ತು ಜನ. ಒಂಬತ್ತೂ ಜನ “ನಾಯಿನಾ, ಬೆಕ್ಕಾ?” ಎಂದು ಕೇಳಿದರು. ಮೊಲ ಎಂದರೆ “ನಾವು ಮೊಲ ನೋಡಲ್ಲಮ್ಮ” ಎಂದರು. ಒಬ್ಬ ಮಾತ್ರ, ಹೊಸದೊಂದನ್ನು ತಂದುಕೊಳ್ಳುವುದು ಸುಲಭ ಎಂದು ಬುದ್ಧಿ ಹೇಳಿದ. ಅವನಿಗೆ ನಾನು ಹೇಳಿದ್ದನ್ನು ಸೈನ್ಯದ ಅಂಚೆಯಲ್ಲಿ ಬರೆಯಲಾಗುವುದಿಲ್ಲ.

ಬೇರೆ ಊರಿನಲ್ಲಿ ಹತ್ತನೆಯವನ ನಂಬರು ಹುಡುಕುವಾಗ ಎಣ್ಣೆ ಡಬ್ಬ ಸರಿಸಿದೆ. ಎರಡನೆಯ ಹಾಳೆ ಡಬ್ಬದ ತಳಕ್ಕೆ ಅಂಟಿಕೊಂಡು ಮೇಲೆದ್ದು ಬಂತು. ಎಣ್ಣೆ ಕುಡಿದು ಗಾಜಿನ ಹಾಗಾಗಿತ್ತು, ಆದರೆ ಅಕ್ಷರ ಕಾಣುತ್ತಿತ್ತು. ಮೊದಲ ಸಾಲು: ‘ತಿನ್ನುವುದು ನಿಲ್ಲಿಸಿದರೆ ಯಾವ ಕಾರಣಕ್ಕೂ ಉಪವಾಸ ಹಾಕಬೇಡಿ, ಅರ್ಧ ದಿನದೊಳಗೆ ಡಾಕ್ಟರಿಗೆ ತೋರಿಸಿ.’ ಎರಡನೆಯ ಸಾಲು ಜೊಂಜು ಊರಿನ ಡಾಕ್ಟರು ಬ್ಯೊನ್ ಅವರ ವಿಳಾಸ, ಫೋನು. ಅಷ್ಟು ಹೊತ್ತಿಗೆ ಇಪ್ಪತ್ತಾರು ಗಂಟೆಯಾಗಿತ್ತು.

ಬಸ್ಸಿಗೆ ಪ್ರಾಣಿ ಹತ್ತಿಸುವುದಿಲ್ಲವೆಂದು ಗೊತ್ತಿತ್ತು. ಮನೆಮನೆಗೆ ಗಂಜಿ ಕಳಿಸುವ ದಪ್ಪ ಚೀಲದಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ನಿನ್ನ ಜೀನ್ಸ್ ಹಾಸಿ, ಅದನ್ನು ಮಲಗಿಸಿದೆ. ಡ್ರೈವರು “ಏನಮ್ಮಾ ಅದು?” ಎಂದ. “ಗಂಜಿ” ಎಂದೆ. ಒಂದು ಗಂಟೆಯ ದಾರಿಯಲ್ಲಿ ಹತ್ತು ಸಲ ಜಿಪ್ಪು ಎಳೆದು ಕೈ ಹಾಕಿ ಉಸಿರು ನೋಡಿದೆ. ಪಕ್ಕದ ಹೆಂಗಸು ನನ್ನನ್ನು ಗಂಜಿಗೆ ಜೀವ ಹೋಗುವಷ್ಟು ಹಸಿದವಳೆಂದು ತಿಳಿದಿರಬೇಕು.

ಡಾಕ್ಟರು ಬ್ಯೊನ್ ಎಂದರೆ ನಿನಗಿಂತ ಆರೇಳು ವರ್ಷಕ್ಕೆ ದೊಡ್ಡ ಹುಡುಗಿ. ಎಷ್ಟು ಹೊತ್ತಿನಿಂದ ತಿಂದಿಲ್ಲ ಎಂದು ಕೇಳಿದಳು. ಅದು ತಿಂದಿಲ್ಲ ಅಲ್ಲ, ನಾನೇ ಕೊಟ್ಟಿಲ್ಲ, ಹೊಟ್ಟೆ ಖಾಲಿಯಾಗಲಿ ಅಂತ, ಎಂದೆ. ಪೆನ್ನು ಕೆಳಗಿಟ್ಟಳು.

“ಅಮ್ಮಾ, ನಿಮ್ಮ ಒಲೆ ಆರಿಸಿ ನಾಳೆ ಮತ್ತೆ ಹಚ್ಚಬಹುದು. ಮೊಲದ ಕರುಳು ಹಾಗಲ್ಲ. ನಿಂತ್ರೆ ನಿಂತೇ ಹೋಯ್ತು.”

ಎರಡು ಕಿಲೊ ಪ್ರಾಣಿಯ ಚರ್ಮದ ಕೆಳಗೆ ಸೂಜಿಯಿಂದ ನೀರು ತುಂಬಿದಳು. ನೋವಿಗೆ ಒಂದು, ಕರುಳು ಅಲ್ಲಾಡಲು ಒಂದು ಚುಚ್ಚಿದಳು. ಗಂಜಿ, ಗೆಣಸು, ಅಕ್ಕಿರೊಟ್ಟಿ ಎಲ್ಲ ಒಳಗೆ ಹುದುಗೆದ್ದು ಗಾಳಿಯಾಗಿದೆಯಂತೆ, ಮೇಲೆ ರೋಮ ಬೇರೆ. ನಾನು ಪ್ರೀತಿಯಿಂದ ಕೊಟ್ಟ ಒಂದೊಂದನ್ನೂ ಹೆಸರು ಹಿಡಿದು ಕೇಳಿ ಬರೆದುಕೊಂಡಳು. ಆ ಪಟ್ಟಿ ಉದ್ದವಾಗಿತ್ತು.

ಮೂರು ದಿನ ಅಲ್ಲೇ ಇಟ್ಟುಕೊಂಡಳು. ನಿನಗೆ ‘ಕ್ಷೇಮ’ ಎಂದು ಬರೆದದ್ದು ಅವಳ ಆಸ್ಪತ್ರೆಯ ಬೆಂಚಿನ ಮೇಲೆ ಕೂತು. ನಾಲ್ಕನೆಯ ಬೆಳಿಗ್ಗೆ ಅದು ಒಂದು ಹಿಕ್ಕೆ ಹಾಕಿತು. ಎಳ್ಳಿಗಿಂತ ಸ್ವಲ್ಪ ದೊಡ್ಡದು. ಡಾಕ್ಟರು ಅದನ್ನು ಕಾಗದದ ಮೇಲಿಟ್ಟು ತಂದು ತೋರಿಸಿದಳು. ಈ ಊರಿನಲ್ಲಿ ನನಗೆ ತೋರಿಸಿದ ಯಾವ ಮಗುವನ್ನೂ ನಾನು ಅಷ್ಟು ಹೊತ್ತು ನೋಡಿಲ್ಲ.

ಈಗ ಮನೆಯಲ್ಲಿದೆ. ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಸಿರಿಂಜಿನಲ್ಲಿ ದಿನಕ್ಕೆ ಐದು ಸಲ ಬಾಯಿಗೆ ಹಾಕಬೇಕು. ಹಾಕುತ್ತೇನೆ. ಅದು ಉಗಿಯುತ್ತದೆ, ಮತ್ತೆ ಹಾಕುತ್ತೇನೆ. ಹಿಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ನಿನ್ನೆ ನಲವತ್ತೊಂದು. ಸರಿಯಾದ ಮೊಲ ಇನ್ನೂರೈವತ್ತು ಹಾಕಬೇಕಂತೆ.

ಬೈಯುವುದಿದ್ದರೆ ಬೈದು ಬರೆ.

ಅಮ್ಮ

*

ಯಾಂಗು
೬ ಮೇ

ಅಮ್ಮ,

ಮೊದಲ ಸಾಲು. ಎರಡನೆಯ ಹಾಳೆಯ ಮೊದಲ ಸಾಲು. ಅದಕ್ಕಿಂತ ಮೇಲೆ ಬರೆಯಲು ಜಾಗವೇ ಇರಲಿಲ್ಲ.

ನೀನು ಬರೆದದ್ದರಲ್ಲಿ ನಗು ಬರುವ ಕಡೆಗಳಿವೆ. ನನ್ನ ಪಕ್ಕದ ಹಾಸಿಗೆಯವನು ಓದಿ ನಕ್ಕ. ನನಗೆ ಬರಲಿಲ್ಲ. ನೀನು ಏನು ಕೆಟ್ಟದ್ದು ಮಾಡಿದರೂ ಅದನ್ನು ಹೇಳುವಾಗ ಕೇಳುವವರು ನಗುತ್ತಾರೆ, ಆಮೇಲೆ ಕೋಪ ಮಾಡಿಕೊಳ್ಳುವವನೇ ಸಣ್ಣವನಾಗುತ್ತಾನೆ. ಅಂಗಡಿಯಲ್ಲಿ ಅದು ನಡೆಯುತ್ತದೆ.

ಪರೀಕ್ಷೆ ಫೇಲಾಗಿ ಮತ್ತೆ ಓದುತ್ತಿದ್ದ ವರ್ಷ ನಾನು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ನೀನು ಬಾಗಿಲ ಹೊರಗೆ ಗಂಜಿ ಇಟ್ಟು ಹೋಗುತ್ತಿದ್ದೆ. ದಿನಾ ಬೇರೆ ಬೇರೆ ಗಂಜಿ. ನನಗೆ ಹಸಿವಿರಲಿಲ್ಲ ಅಮ್ಮ. ಒಳಗೆ ಬಂದು ಏನೂ ಹೇಳದೆ ಪಕ್ಕದಲ್ಲಿ ಕೂತದ್ದು ಆ ಮೊಲ ಒಂದೇ.

ಇನ್ನು ಅದರ ವಿಷಯ ಬರೆಯಬೇಡ. ಒಂದು ಪತ್ರ ಬರಲು ಏಳು ದಿನ. ನಾನು ಓದುವ ಹೊತ್ತಿಗೆ ಅದು ಇದೆಯೋ ಇಲ್ಲವೋ ಗೊತ್ತಿಲ್ಲದೆ ಓದಬೇಕು. ಅದು ನನ್ನಿಂದಾಗದು.

ತೇಗ್ಯೊಮ್

*

ಗುನ್‌ಸಾನ್
೧೯ ಮೇ

ತೇಗ್ಯೊಮ್,

ಬೇಡವೆಂದಿದ್ದೀಯ, ಆದರೂ ಬರೆಯುತ್ತೇನೆ. ಮೊದಲನೆಯ ಸಾಲಿನಲ್ಲೇ ಹೇಳುತ್ತೇನೆ, ಈ ಸಲ ನಾನೂ ಕಲಿತಿದ್ದೇನೆ: ಇಂದು ಸಂಜೆ ಐದು ಗಂಟೆಗೆ ಅದು ಬದುಕಿದೆ.

ಆ ವರ್ಷದ ಗಂಜಿಯ ಮಾತು ನಿಜ. ಬಾಗಿಲು ಬಡಿದು ಒಳಗೆ ಬರಲು ನನಗೆ ಗೊತ್ತಿರಲಿಲ್ಲ, ಗಂಜಿ ಕಾಸಲು ಗೊತ್ತಿತ್ತು. ಗೊತ್ತಿದ್ದದ್ದನ್ನು ಮಾಡಿದೆ. ಇದನ್ನು ಓದಿ ಯಾರೂ ನಗುವುದಿಲ್ಲ ಎಂದುಕೊಂಡಿದ್ದೇನೆ.

ಈಗ ವಿಷಯ. ಹಿಕ್ಕೆ ನೂರ ಎಂಬತ್ತರವರೆಗೆ ಏರಿತ್ತು. ಈ ಸೋಮವಾರ ಎಪ್ಪತ್ತಕ್ಕೆ ಇಳಿಯಿತು. ಮಂಗಳವಾರ ಹನ್ನೆರಡು. ಈ ಸಲ ಕಾಯಲಿಲ್ಲ, ಒಲೆಯ ಮೇಲಿದ್ದ ಗಂಜಿಯನ್ನು ದೊಕ್‌ಜಾ ಅಕ್ಕನಿಗೆ ಒಪ್ಪಿಸಿ ಬಸ್ಸು ಹತ್ತಿದೆ. (ಒಣಮೀನಿನ ಕೈಯಲ್ಲಿ ಗಂಜಿ ಕಲಕಿದ್ದಾಳೆ. ಅಂದು ಕುಡಿದವರು ಅದೇನು ವಾಸನೆ ಎಂದು ಇನ್ನೂ ಕೇಳುತ್ತಿದ್ದಾರೆ.) ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿದಳು. ಮೊಲದ ಹಲ್ಲು ಸಾಯುವವರೆಗೆ ಬೆಳೆಯುತ್ತದಂತೆ, ಒರಟು ಹುಲ್ಲು ಅಗಿದು ಸವೆಯಬೇಕಂತೆ. ಮೊದಲೇ ಸ್ವಲ್ಪ ಓರೆ ಬೆಳೆಯುವ ದವಡೆ, ಅದರ ಮೇಲೆ ಮೆತ್ತಗಿನದನ್ನೇ ತಿನ್ನಿಸಿ ಕೂರಿಸಿದ್ದೇನೆ. ಒಳಗಿನ ಹಲ್ಲು ಮುಳ್ಳಾಗಿ ನಾಲಿಗೆಗೆ ಚುಚ್ಚುತ್ತಿತ್ತು. ಹಸಿವಿದ್ದರೂ ಅಗಿಯಲಾಗದೆ ನಿಲ್ಲಿಸಿತ್ತು.

ಅರಿವಳಿಕೆ ಕೊಟ್ಟು ಹಲ್ಲು ಅರೆಯಬೇಕು. ಈ ಸ್ಥಿತಿಯಲ್ಲಿ ಎಚ್ಚರವಾಗದೆಯೂ ಹೋಗಬಹುದು. ಅರೆಯದಿದ್ದರೆ ಹಸಿವಿನಿಂದ ಹೋಗುತ್ತದೆ, ನಿಧಾನವಾಗಿ. ಸಂಜೆಯೊಳಗೆ ಹೇಳಿ, ಮೊಲ ಯಾರದು, ಅವರನ್ನೇ ಕೇಳಿ ಎಂದಳು.

ಯಾರದು ಎಂದು ನನಗೆ ಗೊತ್ತು. ಏಳು ದಿನದ ದಾರಿಯಲ್ಲಿ ಇರುವವನದು. ನಿನ್ನ ತುಕಡಿಯ ಕಚೇರಿಗೆ ಫೋನ್ ಮಾಡಿದೆ. ಎತ್ತಿದವನು ನಿನ್ನ ವಯಸ್ಸಿನವನೇ ಇರಬೇಕು, ದನಿ ಇನ್ನೂ ಒಡೆದು ಕೂಡಿದಂತಿರಲಿಲ್ಲ. ಮನೆಯಲ್ಲಿ ಜೀವಕ್ಕೆ ಅಪಾಯವಿದೆ, ಎರಡು ನಿಮಿಷ ಮಗನೊಡನೆ ಮಾತಾಡಬೇಕು ಎಂದೆ. ಪಾಪ, ಗಾಬರಿಯಾದ.

“ಯಾರಿಗಮ್ಮಾ? ತಂದೆಯವರಿಗಾ?”

“ಇಲ್ಲಪ್ಪಾ. ಮೊಲಕ್ಕೆ.”



“ಅಮ್ಮಾ, ಇದು ಸೈನ್ಯ.”

“ಗೊತ್ತು. ಜೀವ ಹೋಗೋ ವಿಷ್ಯ ನಿಮಗಿಂತ ಯಾರಿಗೆ ಅರ್ಥ ಆಗತ್ತೆ ಅಂತಾನೇ ಮಾಡಿದ್ದು.”

ನೀನು ಗುಡ್ಡದ ಮೇಲೆ ಕಾವಲಿಗೆ ಹೋಗಿದ್ದೀಯ, ರಾತ್ರಿಯವರೆಗೆ ಇಳಿಯುವುದಿಲ್ಲ, ಚೀಟಿ ಬರೆದಿಡುತ್ತೇನೆ ಎಂದ. ಏನೆಂದು ಬರೆಯಲಿ ಎಂದೂ ಕೇಳಿದ. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಅಂಚೆಯ ಮೇಲೆ, ಗುಡ್ಡದ ಮೇಲೆ, ಒಂಬತ್ತು ಡಾಕ್ಟರುಗಳ ಮೇಲೆ, ಮಾತಾಡಲು ಬಾರದ ಆ ಪ್ರಾಣಿಯ ಮೇಲೆ. ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಉಳಿದವಳು ನಾನೊಬ್ಬಳೇ. ಏನೂ ಬರೆಯಬೇಡ ಎಂದು ಹೇಳಿ ಇಟ್ಟೆ.

ಅರೆಯಿರಿ ಎಂದೆ. ನಿನ್ನನ್ನು ಕೇಳದೆ ಹೇಳಿದೆ. ತಪ್ಪಾಗಿದ್ದರೆ ಅದೂ ನನ್ನ ತಲೆಯ ಮೇಲಿರಲಿ ಎಂದು ಕಾಗದಕ್ಕೆ ಸಹಿ ಹಾಕಿದೆ. ಮಾಲೀಕರ ಹೆಸರು ಎಂಬ ಕಡೆ ನಿನ್ನ ಹೆಸರನ್ನೇ ಬರೆದೆ.

ನಲವತ್ತು ನಿಮಿಷ. ಎಚ್ಚರವಾಗಲು ಇನ್ನೊಂದು ಗಂಟೆ. ನಾನು ಏನೂ ತಿನ್ನಲಿಲ್ಲ, ಕುಡಿಯಲಿಲ್ಲ. ಎಚ್ಚರವಾದಾಗ ತೊದಲುವ ಕುಡುಕನಂತೆ ತಲೆ ಎತ್ತಿ, ನನ್ನನ್ನು ನೋಡಿ, ಮುಖ ಬೇರೆ ಕಡೆ ತಿರುಗಿಸಿಕೊಂಡಿತು.

ಇಂದು ಹಿಕ್ಕೆ ಮೂವತ್ತಮೂರು. ಒಂದು ಎಳೆ ಹುಲ್ಲನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಅರ್ಧ ಗಂಟೆ ಕೂತಿತ್ತು. ತಿಂದಿತೋ ಇಲ್ಲವೋ ಹೇಳಲಾರೆ. ತಿಂದಿತು ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ.

ಅಮ್ಮ

*

ಯಾಂಗು
೩೦ ಮೇ

ಅಮ್ಮ,

ಕಚೇರಿಯವನು ಚೀಟಿ ಬರೆಯಲಿಲ್ಲ. ಬಾಯಲ್ಲಿ ಹೇಳಿದ, ನನಗೆ ಮೊದಲು ಇಡೀ ತುಕಡಿಗೆ. ನನ್ನನ್ನು ಈಗ ಮೊಲದಪ್ಪ ಎನ್ನುತ್ತಾರೆ. ಸಾರ್ಜೆಂಟ್ ಕೂಡ. ಹನ್ನೊಂದು ದಿನ, ನಿನ್ನ ಪತ್ರ ಬರುವವರೆಗೆ, ದಿನಾ ಬೆಳಿಗ್ಗೆ ಅವರು “ಏನಾಯ್ತೋ ಮೊಲದಪ್ಪ?” ಎನ್ನುವುದು, ನಾನು ಗೊತ್ತಿಲ್ಲ ಎನ್ನುವುದು.

ಪತ್ರದ ಮೊದಲ ಸಾಲು ಓದಿ ಮಡಚಿ ಜೇಬಿನಲ್ಲಿಟ್ಟೆ. ಉಳಿದದ್ದನ್ನು ಸಂಜೆ ಓದಿದೆ. ಪಕ್ಕದವನಿಗೆ ಕೊಡಲಿಲ್ಲ.

ರಜೆ ಜೂನ್ ಹದಿನಾರರಿಂದ ಇಪ್ಪತ್ತು. ಅದನ್ನು ಉಳಿಸು.

ತೇಗ್ಯೊಮ್

*

ಗುನ್‌ಸಾನ್
೨೪ ಜೂನ್

ತೇಗ್ಯೊಮ್,

ನೀನು ಹೋಗಿ ನಾಲ್ಕು ದಿನ. ಎದುರಿಗಿದ್ದ ಐದು ದಿನ ಆಡದ ಮಾತನ್ನು ಈಗ ಅಂಚೆಯಲ್ಲಿ ಕಳಿಸುವುದು ನಮ್ಮ ಮನೆಯ ಬುದ್ಧಿ. ಸಹಿಸಿಕೊ.

ಅದು ಉಳಿದಿತ್ತು, ನೀನೇ ನೋಡಿದೆ. ನೀನು ಬೂಟು ಬಿಚ್ಚುವುದರೊಳಗೆ ನಿನ್ನ ಕಾಲಿನ ಸುತ್ತ ಎಂಟರ ಆಕಾರದಲ್ಲಿ ಓಡಿತು. ಎರಡು ತಿಂಗಳು ನಾನು ನೋಡದ ಓಟ ಅದು. ನೀನು ನೆಲದ ಮೇಲೆ ಮಲಗಿದೆ, ಅದು ಬಂದು ನಿನ್ನ ಕಂಕುಳಲ್ಲಿ ತಲೆ ಇಟ್ಟಿತು. ನಾನು ಸಿರಿಂಜು ಹಿಡಿದು ಬಂದೆ, ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದಿರಿ. ಅದು ಮಂಚದ ಕೆಳಗೆ ಹೋಯಿತು. ನೀನು ಅಲ್ಲೇ ಇದ್ದೆ, ಆದರೆ ನೀನೂ ಅದರ ಹಿಂದೆ ಹೋಗುವ ಹಾಗೆಯೇ ನೋಡಿದೆ.

ಎರಡನೆಯ ದಿನ ನೀನು, ನಾನು ತಿನ್ನಿಸುತ್ತೇನೆ ಕೊಡು ಎಂದು ಸಿರಿಂಜು ತೆಗೆದುಕೊಂಡೆ. ಅದು ಮೂತಿ ತಿರುಗಿಸಿತು, ಮುಂಗಾಲಿನಿಂದ ತಳ್ಳಿತು. ಒಂದೇ ಸಲ ಯತ್ನಿಸಿ ಕೈ ಬಿಟ್ಟೆ. “ಬೇಡ ಅನ್ನತ್ತಮ್ಮ. ಇವತ್ತೊಂದಿನ ಬಿಡು” ಎಂದೆ. ಬಿಡಲಾಗುವುದಿಲ್ಲ. ತನ್ನಷ್ಟಕ್ಕೆ ತಿನ್ನುವ ಹುಲ್ಲು ಇನ್ನೂ ಸಾಲದು, ಬೆಳಿಗ್ಗೆ ಸಂಜೆ ಹಾಕಲೇಬೇಕು. ನಾನು ಅದನ್ನು ಟವೆಲಿನಲ್ಲಿ ಸುತ್ತಿ ಮೊಣಕಾಲ ಮಧ್ಯೆ ಹಿಡಿದು, ದವಡೆಯ ಪಕ್ಕದ ಸಂದಿಯಲ್ಲಿ ತೂರಿಸಿ ಹನಿ ಹನಿ ಬಿಟ್ಟೆ. ನನ್ನ ಕೈಯ ಗೀರುಗಳನ್ನು ನೀನು ಆಗ ನೋಡಿದೆ, ಎಣಿಸಿದಂತೆಯೂ ಕಂಡಿತು.

“ನಿನ್ನ ಕಂಡ್ರೆ ಅದಕ್ಕೆ ಆಗಲ್ಲ” ಎಂದೆ ನೀನು.

“ಗೊತ್ತು” ಎಂದೆ ನಾನು.

ಒಣಮೀನಿನ ಅಕ್ಕ ಬಂದು, ಸೈನ್ಯಕ್ಕೆ ಹೋದ ಹುಡುಗನನ್ನು ಯಾರಾದರೂ ಮುದ್ದಾಡುವ ದೃಶ್ಯ ಈ ಸಲವೂ ಸಿಗದೆ, ಒಂದು ಬಟ್ಟಲು ಕುಡಿದು ಹೋದಳು.

ಕೊನೆಯ ದಿನ ನಾನು ಏಳುವ ಮೊದಲೇ ನೀನು ಬಸ್ಸಿಗೆ ಹೋಗಿದ್ದೆ. ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ನೋಡಿದರೆ ನೀನು ಎಲ್ಲ ಸಿರಿಂಜುಗಳನ್ನೂ ಬಿಸಿನೀರಿನಲ್ಲಿ ತೊಳೆದು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ಸಂಜೆಯ ಪುಡಿಯನ್ನೂ ಅಳೆದಿಟ್ಟಿದ್ದೆ, ಅರ್ಧ ಚಮಚ ಜಾಸ್ತಿ. ಅಷ್ಟು ಹಾಕಿದರೆ ಉಬ್ಬರಿಸುತ್ತದೆ. ಮುಂದಿನ ರಜೆಯಲ್ಲಿ ಹೇಳಿಕೊಡುತ್ತೇನೆ. ಹೆಚ್ಚಿನದನ್ನು ನಾನು ತೆಗೆದು ಹಾಕಿದೆ.

ಈಗ ಸಂಜೆ ಆರು. ಹಿಕ್ಕೆ ಇಂದು ಇನ್ನೂರ ಎರಡು. ಅದು ಮಂಚದ ಕೆಳಗಿದೆ. ನನ್ನ ಹೆಜ್ಜೆ ಕೇಳಿದಾಗಿನಿಂದ ಹಿಂಗಾಲಿನಿಂದ ನೆಲ ಬಡಿಯುತ್ತಿದೆ. ಶತ್ರು ಬಂದಾಗ ಹೀಗೆ ಬಡಿಯುತ್ತದೆ ಎಂದು ನೀನೇ ಹೇಳಿದೆ. ಡಬ್ ಡಬ್ ಎಂದು ಕೆಳಗಿನ ಮನೆಯವರಿಗೆ ಕೇಳುವಷ್ಟು ಜೋರು. ಬಡಿಯಲಿ. ಅಷ್ಟು ಜೋರಾಗಿ ಬಡಿಯಲು ಕಾಲಿನಲ್ಲಿ ಬಲ ಬೇಕು. ಎಲ್ಲಿಂದ ಬಂತೆಂದು ಅದು ಕೇಳಿಲ್ಲ, ನಾನೂ ಹೇಳುವುದಿಲ್ಲ.

ಟವೆಲು ತೆಗೆದುಕೊಂಡು ಬಗ್ಗಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ಅಮ್ಮ